ಜಪಾನಿನಲ್ಲಿ ನಾವು ಸೂಟ್‌ಕೇಸ್ ಎಳೆಯದೆ ಸುತ್ತಿದ್ದು ಹೀಗೆ

ಜಪಾನಿಗೆ ಹೊರಟವರು ವೀಸಾ ಕೇಳುತ್ತಾರೆ, ಹೋಟೆಲ್ ಕೇಳುತ್ತಾರೆ, ಯಾವ ಊರಿಗೆ ಎಷ್ಟು ದಿನ ಇಟ್ಟುಕೊಳ್ಳಬೇಕು ಅಂತ ಕೇಳುತ್ತಾರೆ. ಲಗೇಜಿನ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅಮ್ಮನನ್ನು ಕರೆದುಕೊಂಡು ಟೋಕಿಯೊ, ಕ್ಯೋಟೊ, ಹಿರೋಶಿಮಾ ನೋಡಿ ಬಂದ ಮೇಲೆ ನಾನು ಎಲ್ಲರಿಗೂ ಮೊದಲು ಹೇಳುವುದು ಅದನ್ನೇ. ಟೋಕಿಯೊದ ಶಿಂಜುಕು ನಿಲ್ದಾಣಕ್ಕೆ ಇನ್ನೂರಕ್ಕೂ ಹೆಚ್ಚು ದ್ವಾರಗಳಿವೆ, ಲಿಫ್ಟ್ ಇರುವುದು ಕೆಲವು ಕಡೆ ಮಾತ್ರ. ಮಂಡಿ ನೋವಿರುವ ಅಮ್ಮನ ಜೊತೆ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಅಂಥಲ್ಲಿ ದಾರಿ ಹುಡುಕುವುದು ಆಗದ ಮಾತು.

ಅಲ್ಲಿನವರು ಇದಕ್ಕೆ ಬಳಸುವುದು 'ತಕ್ಯೂಬಿನ್' ಎಂಬ ಪಾರ್ಸೆಲ್ ಸೇವೆ. 1976ರಲ್ಲಿ ಯಮಾಟೊ ಕಂಪನಿ ಶುರು ಮಾಡಿದ್ದು. ಮರಿಯನ್ನು ಕಚ್ಚಿಕೊಂಡು ಹೋಗುವ ಕಪ್ಪು ಬೆಕ್ಕಿನ ಚಿತ್ರವಿರುವ ಅವರ ಲಾರಿಗಳು ಎಲ್ಲ ಬೀದಿಯಲ್ಲೂ ಕಾಣಿಸುತ್ತವೆ. ಟೋಕಿಯೊ ಬಿಡುವ ಹಿಂದಿನ ದಿನ ಬೆಳಿಗ್ಗೆ ಸೂಟ್‌ಕೇಸುಗಳನ್ನು ಹೋಟೆಲಿನ ಕೌಂಟರಿಗೆ ತಂದಿಟ್ಟೆ. ಅಲ್ಲಿದ್ದ ಹುಡುಗಿ ಟೇಪು ಹಿಡಿದು ಉದ್ದ, ಅಗಲ, ಎತ್ತರ ಮೂರನ್ನೂ ಅಳೆದು ಕೂಡಿಸಿದಳು. ಆ ಮೊತ್ತ ಮತ್ತು ದೂರದ ಮೇಲೆ ದರ. ದೊಡ್ಡ ಪೆಟ್ಟಿಗೆಗೆ 2,000ದಿಂದ 3,000 ಯೆನ್ ಅಂತ ಲೆಕ್ಕ ಇಟ್ಟುಕೊಳ್ಳಿ. ಚೀಟಿಯಲ್ಲಿ ಮುಂದಿನ ಹೋಟೆಲಿನ ಹೆಸರು, ವಿಳಾಸ, ಫೋನ್ ನಂಬರ್ ಬೇಕು. ಜೊತೆಗೆ ನಾವು ತಲುಪುವ ದಿನಾಂಕ, ಯಾರ ಹೆಸರಿನಲ್ಲಿ ರೂಮ್ ಬುಕ್ ಆಗಿದೆ ಎಂಬುದನ್ನು ತಪ್ಪದೆ ಬರೆಸಿ. ಪೆಟ್ಟಿಗೆ ನಮಗಿಂತ ಮೊದಲು ತಲುಪಿದರೆ ಆ ಹೋಟೆಲಿನವರಿಗೆ ಅದು ಯಾರದೆಂದು ಗೊತ್ತಾಗುವುದು ಇದರಿಂದಲೇ. ನಾನು ಫೋನಿನಲ್ಲಿ ಬುಕಿಂಗ್ ತೋರಿಸಿದೆ, ಅವಳೇ ಜಪಾನಿ ಭಾಷೆಯಲ್ಲಿ ಬರೆದುಕೊಟ್ಟಳು. "ಪೆಟ್ಟಿಗೆ ಬಂದೇ ಬರುತ್ತೇನೋ?" ಅಂತ ಅಮ್ಮ ರಾತ್ರಿಯೆಲ್ಲ ಕೇಳುತ್ತಿದ್ದರು. ಮರುದಿನ ಕ್ಯೋಟೊದ ಹೋಟೆಲಿನಲ್ಲಿ ಎರಡೂ ಪೆಟ್ಟಿಗೆ ನಮಗಾಗಿ ಕಾದಿದ್ದವು.

ಒಂದು ರಾತ್ರಿಗೆ ಬೇಕಾದ ಬಟ್ಟೆ ಕೈಚೀಲದಲ್ಲಿರಲಿ. ಪಾಸ್‌ಪೋರ್ಟನ್ನಂತೂ ಪೆಟ್ಟಿಗೆಯಲ್ಲಿ ಹಾಕಲೇಬೇಡಿ. ಪ್ರವಾಸಿಗರು ಅದನ್ನು ಸದಾ ಜೊತೆಗೆ ಇಟ್ಟುಕೊಳ್ಳಬೇಕೆಂದು ಅಲ್ಲಿ ಕಾನೂನೇ ಇದೆ. ವಾಪಸ್ ಬರುವಾಗ ವಿಮಾನ ನಿಲ್ದಾಣಕ್ಕೂ ಹೀಗೇ ಕಳಿಸಬಹುದು, ಆದರೆ ಎರಡು ದಿನ ಮುಂಚೆ ಕೊಟ್ಟುಬಿಡುವುದು ಒಳ್ಳೆಯದು.

ಟೋಕಿಯೊ–ಕ್ಯೋಟೊ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿನಲ್ಲಿ ಪೆಟ್ಟಿಗೆ ಒಯ್ಯಲೇಬೇಕೆಂದಿದ್ದರೆ, ಮೂರೂ ಅಳತೆ ಕೂಡಿ 160 ಸೆಂ.ಮೀ. ದಾಟಿದವಕ್ಕೆ ಬೋಗಿಯ ಕೊನೆಯ ಸಾಲಿನ ಸೀಟನ್ನೇ ಮುಂಗಡ ಕಾದಿರಿಸಬೇಕು. ಇದಕ್ಕೆ ಹೆಚ್ಚಿನ ಹಣ ಇಲ್ಲ. ಕಾದಿರಿಸದೆ ಹತ್ತಿದರೆ 1,000 ಯೆನ್ ಕಟ್ಟಬೇಕು. ಟೋಕಿಯೊದಿಂದ ಹೋಗುವಾಗ ಬಲಗಡೆಯ 'ಇ' ಸೀಟು ಕೇಳಿ. ಆಕಾಶ ತಿಳಿಯಾಗಿದ್ದರೆ ಮುಕ್ಕಾಲು ಗಂಟೆಯೊಳಗೆ ಕಿಟಕಿಯಲ್ಲೇ ಫುಜಿ ಪರ್ವತ.

ಪ್ರವಾಸಿಗರು ಗೊತ್ತಾದ ದಿನಗಳವರೆಗೆ ಜಪಾನಿನ ಜೆಆರ್ ರೈಲುಗಳಲ್ಲಿ ಓಡಾಡಲು ಕೊಳ್ಳುವ ಜೆಆರ್ ಪಾಸ್ ಬಗ್ಗೆ ಹಳೆಯ ಸಲಹೆ ನಂಬಬೇಡಿ. 7 ದಿನದ ಪಾಸ್ 29,650 ಯೆನ್ ಇದ್ದದ್ದು 2023ರ ಅಕ್ಟೋಬರಿನಲ್ಲಿ ಒಂದೇ ಏಟಿಗೆ 50,000 ಆಯಿತು. ಟೋಕಿಯೊದಿಂದ ಹಿರೋಶಿಮಾಕ್ಕೆ ಹೋಗಿ ಬರಲು ಬಿಡಿ ಟಿಕೆಟ್ ಕೊಂಡರೂ 40,000ದ ಆಸುಪಾಸು. ನಾವು ಬಿಡಿ ಟಿಕೆಟ್ಟೇ ಕೊಂಡೆವು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಮ್ಮ ಮೀನು ಮುಟ್ಟುವವರಲ್ಲ. ಅಲ್ಲಿ ತಟ್ಟೆಯಲ್ಲಿ ಮೀನು ಕಾಣದಿದ್ದರೂ ಸಾರಿನಲ್ಲಿ ಇರುತ್ತದೆ. ಉದೊನ್ ನೂಡಲ್ಸ್, ಮಿಸೊ ಸೂಪು, ಬೇಯಿಸಿದ ತರಕಾರಿ, ಹೆಚ್ಚಿನವಕ್ಕೆಲ್ಲ 'ದಾಶಿ' ಎಂಬ ತಿಳಿಸಾರೇ ಆಧಾರ. ಅದರಲ್ಲಿ ಕಡಲಪಾಚಿಯ ಜೊತೆ ಸಾಮಾನ್ಯವಾಗಿ ಕಾತ್ಸುವೊಬುಶಿ, ಅಂದರೆ ಒಣಮೀನಿನ ಎಸಳು ಹಾಕಿರುತ್ತಾರೆ. 'ಸಸ್ಯಾಹಾರಿ' ಎಂದಷ್ಟೇ ಹೇಳಿದರೆ ಸಾಲದು. ಮಾಂಸ, ಮೀನು, ಕಾತ್ಸುವೊಬುಶಿ ದಾಶಿ ಯಾವುದೂ ಬೇಡ ಎಂದು ಜಪಾನಿಯಲ್ಲಿ ಬರೆಸಿದ ಕಾರ್ಡನ್ನು ನಾನು ಹೋದಲ್ಲೆಲ್ಲ ತೋರಿಸಿದೆ. ಕೆಲವರು ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದು, ಆಗುವುದಿಲ್ಲ ಎಂದು ತಲೆಬಾಗಿ ಹೇಳಿದರು. ಹಾಗೆ ಹೇಳಿದವರ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ನೆಮ್ಮದಿಯಾಗಿ ಉಂಡದ್ದು ಕ್ಯೋಟೊದ ಅರಾಶಿಯಾಮಾದಲ್ಲಿ, ತೆನ್ರ್ಯೂಜಿ ದೇವಾಲಯದ ಆವರಣದಲ್ಲಿ. ಬೌದ್ಧ ಮಠಗಳ ಶೋಜಿನ್ ರ್ಯೋರಿ ಎಂಬ ಅಡುಗೆ ಅದು: ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕೆಂಪು ಮೆರುಗೆಣ್ಣೆಯ ಪುಟ್ಟ ಬಟ್ಟಲುಗಳಲ್ಲಿ ತೋಫು, ತರಕಾರಿ, ಅನ್ನ. ಅಮ್ಮ ಒಂದೊಂದೇ ಬಟ್ಟಲಿನ ಮುಚ್ಚಳ ತೆಗೆದು ನೋಡಿ, ನಿಧಾನವಾಗಿ ಎಲ್ಲವನ್ನೂ ಮುಗಿಸಿದರು.

ದಿನದ ಓಡಾಟಕ್ಕೆ ಮೊದಲೇ ಹಣ ತುಂಬಿಸಿಟ್ಟು ಬಳಸುವ ಸುಯಿಕಾ ಕಾರ್ಡ್ ಸಾಕು. ಮೆಟ್ರೊ, ಬಸ್ಸು, ಚಿಲ್ಲರೆ ಅಂಗಡಿ ಎಲ್ಲಕ್ಕೂ ನಡೆಯುತ್ತದೆ. ದೇವಾಲಯ, ಸಣ್ಣ ಹೋಟೆಲುಗಳಿಗೆ ನೋಟು ಬೇಕಾಗುತ್ತದೆ. ಸೆವೆನ್ ಇಲೆವೆನ್ ಅಂಗಡಿಯ ಎಟಿಎಂನಲ್ಲಿ ಹೊರದೇಶದ ಕಾರ್ಡಿಗೂ ಹಣ ಬರುತ್ತದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಔಷಧಿಯನ್ನು ಹೊರಡುವ ಮುಂಚೆಯೇ ನೋಡಿಕೊಳ್ಳಿ. ನೆಗಡಿ ಮಾತ್ರೆಯಲ್ಲಿ ಸುಡೋಎಫೆಡ್ರಿನ್ ಎಂಬ ಔಷಧಾಂಶ 10 ಶೇಕಡಾಕ್ಕಿಂತ ಹೆಚ್ಚಿದ್ದರೆ ಜಪಾನಿನೊಳಗೆ ಒಯ್ಯುವಂತಿಲ್ಲ, ಆದ್ದರಿಂದ ಪಟ್ಟಿಯ ಹಿಂಬದಿ ಓದಿ. ವೈದ್ಯರು ಬರೆದುಕೊಟ್ಟ ಸಾಮಾನ್ಯ ಮಾತ್ರೆಗಳಾದರೆ ಒಂದು ತಿಂಗಳಿಗಾಗುವಷ್ಟನ್ನು ಮುಂಗಡ ಅನುಮತಿಯಿಲ್ಲದೆ ಒಯ್ಯಬಹುದು. ಅಮ್ಮನ ಬಿಪಿ ಮಾತ್ರೆಗಳನ್ನು ಚೀಟಿಯ ಸಮೇತ ನನ್ನ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ, ತಕ್ಯೂಬಿನ್ ಪೆಟ್ಟಿಗೆಗೆ ಒಂದನ್ನೂ ಹಾಕಲಿಲ್ಲ.