ಸಾಕೆಟ್ ಒಂದೇ ಅಂತ ಬೋರ್ಡ್ ತಗೋಬೇಡಿ

ಮೊದಲ ಸಲ ಪಿಸಿ ಜೋಡಿಸುವವರು ಹಣ ಕೊಡುವ ಮುಂಚೆ ಮದರ್‌ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಆ ಮಾಡೆಲ್‌ನ ‘ಸಿಪಿಯು ಸಪೋರ್ಟ್’ ಪಟ್ಟಿ ತೆಗೆದು, ನಿಮ್ಮ ಪ್ರೊಸೆಸರ್ ಎದುರು ಯಾವ ಬಯಾಸ್ (ಪಿಸಿ ಆನ್ ಆದ ಕೂಡಲೇ ಓಡುವ, ಬೋರ್ಡ್‌ನಲ್ಲೇ ಇರುವ ಸಾಫ್ಟ್‌ವೇರ್) ವರ್ಷನ್ ಬೇಕು ಅಂತಿದೆ ನೋಡಿ. ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ, ಹೊಂದಿದರಷ್ಟೇ ಸಾಲದು. 2018ರ ಬಿ450 ಬೋರ್ಡ್‌ನಲ್ಲಿ ಎಎಂಡಿಯ ರೈಜನ್ 5 5600 ಪ್ರೊಸೆಸರ್ ಸಲೀಸಾಗಿ ಕೂರುತ್ತದೆ, ಎರಡೂ ಎಎಂ4 ಸಾಕೆಟ್‌ನವೇ ಅಲ್ವಾ? ಆದರೆ ಬಯಾಸ್ ಹಳೆಯದಾಗಿದ್ದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಪಾರ್ಟ್ ಕೆಟ್ಟಿದೆ ಅಂತ ಸುಮ್ನೆ ಅಲೆದಾಟ. ಬೋರ್ಡ್‌ನಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಬಹುದು. ಇಲ್ಲದಿದ್ದರೆ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ರ‍್ಯಾಮ್ ವಿಷಯಕ್ಕೆ ಈ ಪಟ್ಟಿ ಉಪಯೋಗವಿಲ್ಲ: ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನ ಬೋರ್ಡ್‌ಗಳಲ್ಲಿ ಡಿಡಿಆರ್4 ಮೆಮೊರಿಯವು, ಡಿಡಿಆರ್5 ಮೆಮೊರಿಯವು ಎರಡೂ ಬಗೆ ಇವೆ. ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ.