ಶಾಸನಗಳಿಂದ ಶಾಂತಲೆಯ ಬದುಕು ಹೆಣೆಯುವ ಬಗೆ

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯ ಬಗ್ಗೆ ಬರೆಯಹೊರಟವರು ಕಾದಂಬರಿಗಳನ್ನು ಮೊದಲು ಪಕ್ಕಕ್ಕಿಡಬೇಕು. ಶುರು ಮಾಡಲು ಮೂರು ಶಾಸನ ಸಾಕು: ಬೇಲೂರಿನಲ್ಲಿ ಆಕೆ ಕಟ್ಟಿಸಿದ ಕಪ್ಪೆ ಚೆನ್ನಿಗರಾಯ ಎಂಬ ವಿಷ್ಣುವಿನ ಗುಡಿಯದು, ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಆಕೆ 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯದು, ಅದೇ ಬೆಟ್ಟದ ಮೇಲಿರುವ ಆಕೆಯ ಮರಣದ್ದು.

ಶಾಸನದ ಪಾಠಕ್ಕೆ, ನಾಡಿನ ಶಾಸನಗಳನ್ನು ಅಚ್ಚುಮಾಡಿರುವ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಎರಡನೇ ಸಂಪುಟ ತೆಗೆಯಿರಿ. ಆವೃತ್ತಿ ಯಾವುದೆಂದು ಬರೆದಿಟ್ಟುಕೊಳ್ಳಿ. ಮರಣಶಾಸನದ ಸಂಖ್ಯೆ 1889ರ ಆವೃತ್ತಿಯಲ್ಲಿ 53, 1923ರದ್ದರಲ್ಲಿ 143. ಬರೀ ಸಂಖ್ಯೆ ಕೊಟ್ಟರೆ ಓದುಗರು ಬೇರೆ ಕಲ್ಲಿನ ಮುಂದೆ ನಿಲ್ಲುತ್ತಾರೆ.

ಹೆಚ್ಚಿನವರು ಎಡವುವುದು ಕಾಲದಲ್ಲಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ; ತಿಥಿ ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ 79. ಅಷ್ಟಕ್ಕೇ ನಿಲ್ಲಬೇಡಿ, ಸಂವತ್ಸರದ ತಾಳೆ ನೋಡಿ. ಶಕವರ್ಷಕ್ಕೆ 12 ಸೇರಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. ಮರಣಶಾಸನದಲ್ಲಿ ‘1050 ಮೂಱೆನೆಯ ವಿರೋಧಿಕೃತು ಸಂವತ್ಸರ’ ಎಂದಿದೆ. ಅಂಕಿ ಮಾತ್ರ ನೋಡಿದವರು 1128 ಎಂದು ಬರೆದುಬಿಡುತ್ತಾರೆ. ಆದರೆ 1050ಕ್ಕೆ ಬರುವ ಶೇಷ 42, ಅಂದರೆ ಕೀಲಕ. ‘ಮೂಱೆನೆಯ’, ಅಂದರೆ ಮೂರನೆಯ ಎಂಬುದನ್ನೂ ಸೇರಿಸಿ 1053 ಎಂದು ಹಿಡಿದರೆ ಶೇಷ 45, ವಿರೋಧಿಕೃತುವೇ. ಹಾಗಾಗಿ ವರ್ಷ 1131. ತಿಥಿ ಚೈತ್ರ ಶುದ್ಧ ಪಂಚಮಿ, ಸೋಮವಾರ. ಶೇಷ ಒಂದರಷ್ಟು ಹೆಚ್ಚುಕಡಿಮೆ ಬಂದರೆ ಗಾಬರಿ ಬೇಡ: ಎಣಿಸಿದ್ದು ಮುಗಿದ ವರ್ಷವನ್ನೋ (ಗತ) ನಡೆಯುತ್ತಿರುವ ವರ್ಷವನ್ನೋ (ವರ್ತಮಾನ) ಎಂಬ ಗೊಂದಲವಷ್ಟೇ, ಸಂವತ್ಸರದ ಹೆಸರನ್ನೇ ನಂಬಿ.

ಬಂಧುಬಳಗದ ವಿವರ ಸುಲಭ. ತಂದೆ ಪೆರ್ಗಡೆ (ಅಧಿಕಾರಿ) ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ, ಗುರು ಪ್ರಭಾಚಂದ್ರ ಸಿದ್ಧಾಂತದೇವ. ಜೈನ ರಾಣಿ ವಿಷ್ಣುವಿನ ಗುಡಿ ಕಟ್ಟಿಸಿದ್ದನ್ನು ಮತಾಂತರ ಎಂದು ಬರೆಯಬೇಡಿ; ಬಸದಿ ಎದ್ದದ್ದು ಅದಾದ ಮೇಲೆ.

ಬಿರುದುಗಳನ್ನು ಒಂದೊಂದಾಗಿ ಬಿಡಿಸಿ. ‘ಉದ್ವೃತ್ತ ಸವತಿ ಗಂಧವಾರಣೆ’ ಎಂದರೆ ಸೊಕ್ಕಿದ ಸವತಿಯರ ಪಾಲಿಗೆ ಮದ್ದಾನೆ. ಬಸದಿಗೆ ಹೆಸರು ಬಂದದ್ದು ಇದರಿಂದಲೇ. ಪ್ರಶಸ್ತಿ, ಅಂದರೆ ಶಾಸನದ ಹೊಗಳಿಕೆಯ ಭಾಗ, ಬರೆದವನ ಕೆಲಸ ಹೊಗಳುವುದು. ಇದೊಂದನ್ನೇ ಹಿಡಿದು ಅಂತಃಪುರದ ಜಗಳ ಕಟ್ಟಲಾಗದು. ‘ಗೀತ ವಾದ್ಯ ನೃತ್ಯ ಸೂತ್ರಧಾರೆ’ ಎಂಬುದರಿಂದ ಕಲೆಯಲ್ಲಿ ಆಕೆಗಿದ್ದ ಹೆಸರು ಗೊತ್ತಾಗುತ್ತದೆ, ನಿಜ. ಆದರೆ ಬೇಲೂರಿನ ಗುಡಿಯ ಮದನಿಕೆ ಶಿಲ್ಪಗಳಲ್ಲಿ ಕನ್ನಡಿ ಹಿಡಿದ ದರ್ಪಣ ಸುಂದರಿ ಆಕೆಯೇ ಎನ್ನುವುದು ಜನರ ಮಾತು. ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರು ಸಿಗುತ್ತದೆ, ರಾಣಿಯದಲ್ಲ.

ಶಿವಗಂಗೆ ಬೆಟ್ಟದಲ್ಲಿ ಶಾಂತಲೆ ಸತ್ತ ವಿಷಯದಲ್ಲೂ ಅಷ್ಟೇ. ಬಂಡೆಯಿಂದ ಹಾರಿದಳೆಂಬ ಕಥೆ ಅಲ್ಲಿಗೆ ಹೋದವರಿಗೆಲ್ಲ ಗೊತ್ತು. ಕಲ್ಲಿನ ಮೇಲಿರುವುದು ‘ಮುಡಿಪಿ ಸ್ವರ್ಗತೆಯಾದಳು’ ಎಂದಷ್ಟೇ. ಮುಡಿಪು ಎಂದರೆ ಸಾಯು. ಹೇಗೆ ಎಂಬುದು ಆ ಪದದಲ್ಲಿಲ್ಲ. ಮಗಳ ಹಿಂದೆಯೇ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸಲ್ಲೇಖನ (ಉಪವಾಸವಿದ್ದು ದೇಹ ಬಿಡುವ ಜೈನ) ವ್ರತ ಹಿಡಿದು ತೀರಿಕೊಂಡದ್ದನ್ನೂ ಅದೇ ಶಾಸನ ಹೇಳುತ್ತದೆ.