ಸ್ಕ್ರಿಪ್ಟ್ ಮುಗಿಯುವಾಗ ಸಂಪನ್ಮೂಲಗಳನ್ನು ಬಿಟ್ಟುಕೊಡುವ ಕ್ರಮ

ಸ್ಕ್ರಿಪ್ಟ್ ಹೇಗೆ ಕೊನೆಗೊಂಡರೂ ಅದರ ಮೆಮೊರಿಯನ್ನು ಹಿಂಪಡೆದು, ತೆರೆದಿಟ್ಟ ಫೈಲ್‌ಗಳನ್ನೂ ಸಾಕೆಟ್‌ಗಳನ್ನೂ (ನೆಟ್‌ವರ್ಕ್ ಮುಂತಾದ ಸಂಪರ್ಕದ ತುದಿಗಳನ್ನು) ಮುಚ್ಚುವ ಕೆಲಸವನ್ನು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತಪ್ಪದೆ ಮಾಡುತ್ತದೆ. ನಾವು ನೋಡಿಕೊಳ್ಳಬೇಕಾದದ್ದು ಅದರ ಲೆಕ್ಕಕ್ಕೆ ಸಿಗದವುಗಳನ್ನು: ತಾತ್ಕಾಲಿಕ ಫೈಲ್‌ಗಳು, ಲಾಕ್ ಫೈಲ್‌ಗಳು (ಒಂದೇ ಸ್ಕ್ರಿಪ್ಟ್‌ನ ಎರಡು ಪ್ರತಿ ಒಟ್ಟಿಗೆ ಓಡದಂತೆ ಇಡುವ ಗುರುತು), ಡಿಸ್ಕ್‌ಗೆ ಬರೆಯುವ ಮುನ್ನ ಕಾದಿಡುವ ಬಫರ್‌ನಲ್ಲೇ ಉಳಿದುಹೋದ ಸಾಲುಗಳು, ಸ್ಕ್ರಿಪ್ಟ್ ಹುಟ್ಟಿಸಿ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಚೈಲ್ಡ್ ಪ್ರೊಸೆಸ್‌ಗಳು.

ಪೈಥಾನ್‌ನಲ್ಲಿ ಫೈಲನ್ನು ‘ವಿತ್’ ಬ್ಲಾಕ್‌ನೊಳಗೆ ತೆರೆದರೆ, ನಡುವೆ ಎಕ್ಸೆಪ್ಷನ್ (ಓಟವನ್ನು ತಡೆಯುವ ದೋಷಸೂಚನೆ) ಎದ್ದರೂ ಬಫರ್ ಖಾಲಿಯಾಗಿ ಫೈಲ್ ಮುಚ್ಚಿಕೊಳ್ಳುತ್ತದೆ. ಇದು ಬಹುತೇಕ ಎಲ್ಲರಿಗೂ ಗೊತ್ತಿರುವ ಮಾತು.

ಎಡವುವುದು ಸಿಗ್ನಲ್‌ಗಳ ಬಳಿ, ಅಂದರೆ ಓಡುತ್ತಿರುವ ಪ್ರೊಗ್ರಾಂಗೆ ಹೊರಗಿನಿಂದ ಬರುವ ಸೂಚನೆಗಳ ಬಳಿ. ಕಂಟ್ರೋಲ್-ಸಿ ಒತ್ತಿದರೆ ಪೈಥಾನ್ ಅದನ್ನು ಎಕ್ಸೆಪ್ಷನ್ ಆಗಿಸುವುದರಿಂದ, ಕೊನೆಯ ಶುಚಿ ಕೆಲಸ ಬರೆದಿಡುವ ‘ಫೈನಲಿ’ ಭಾಗ ಓಡುತ್ತದೆ. ಆದರೆ ‘ಕಿಲ್’ ಕಮಾಂಡ್ ಕಳುಹಿಸುವ 15ನೇ ಸಿಗ್ನಲ್‌ಗೆ, ಅಂದರೆ ಸಿಗ್‌ಟರ್ಮ್‌ಗೆ, ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್) ಬರೆದಿರದಿದ್ದರೆ ‘ಫೈನಲಿ’ಯೂ ಓಡದು, ಮುಗಿಯುವಾಗ ಓಡಲೆಂದು ‘ಅಟ್‌ಎಕ್ಸಿಟ್’ನಲ್ಲಿ ನೋಂದಾಯಿಸಿದ ಫಂಕ್ಷನ್‌ಗಳೂ ಓಡವು. ನನ್ನದೇ ಒಂದು ಬ್ಯಾಕಪ್ ಸ್ಕ್ರಿಪ್ಟ್ ಹೀಗೆ ನಡುವೆಯೇ ನಿಂತು ಲಾಕ್ ಫೈಲನ್ನು ಬಿಟ್ಟುಹೋದ ಕಾರಣ, ಮುಂದಿನ ಮೂರು ರಾತ್ರಿ ‘ಇನ್ನೊಂದು ಪ್ರತಿ ಓಡುತ್ತಿದೆ’ ಎಂದು ಲಾಗ್‌ನಲ್ಲಿ ಬರೆದು ಸದ್ದಿಲ್ಲದೆ ಹೊರಟುಹೋಗಿತ್ತು. ಸಿಗ್‌ಟರ್ಮ್ ಹ್ಯಾಂಡ್ಲರ್‌ನಲ್ಲಿ ‘ಸಿಸ್.ಎಕ್ಸಿಟ್’ ಅನ್ನು ಕರೆದರೆ ಸಾಕು. ಅದೂ ಎಕ್ಸೆಪ್ಷನ್ ಎಬ್ಬಿಸುವುದರಿಂದ ‘ಫೈನಲಿ’ಗೆ ಸರದಿ ಸಿಗುತ್ತದೆ. 128ಕ್ಕೆ 15 ಸೇರಿಸಿದ 143ನ್ನು ಎಕ್ಸಿಟ್ ಕೋಡ್ ಆಗಿ, ಅಂದರೆ ಹೇಗೆ ಮುಗಿಯಿತೆಂದು ತಿಳಿಸುವ ಸಂಖ್ಯೆಯಾಗಿ, ಕೊಡುವುದು ವಾಡಿಕೆ.

ಬಲವಂತವಾಗಿ ಕೊಲ್ಲುವ 9ನೇ ಸಿಗ್ನಲನ್ನು ಮಾತ್ರ ಯಾವ ಪ್ರೊಗ್ರಾಂ ಕೂಡ ಹಿಡಿಯಲಾರದು. ಆದ್ದರಿಂದ ಫೈಲ್ ಇದೆಯೇ ಇಲ್ಲವೇ ಎಂಬುದನ್ನೇ ಲಾಕ್ ಎಂದು ಭಾವಿಸುವ ಪದ್ಧತಿಯನ್ನು ಕೈಬಿಟ್ಟು, ಕರ್ನಲ್ ಮೂಲಕ ಲಾಕ್ ಹಾಕುವ ‘ಎಫ್‌ಲಾಕ್’ ಬಳಸುವುದು ಲೇಸು: ಆ ಲಾಕ್ ತೆರೆದ ಫೈಲ್‌ಗೆ ಅಂಟಿಕೊಂಡಿರುವುದರಿಂದ, ಅದನ್ನು ಹಿಡಿದಿದ್ದ ಕೊನೆಯ ಪ್ರೊಸೆಸ್ ಸತ್ತೊಡನೆ ಕರ್ನಲ್ಲೇ ಅದನ್ನು ಬಿಡಿಸುತ್ತದೆ, ಫೈಲ್ ಡಿಸ್ಕ್‌ನಲ್ಲಿ ಉಳಿದರೂ ತೊಂದರೆಯಿಲ್ಲ.

ಕಮಾಂಡ್‌ಗಳನ್ನು ನಡೆಸುವ ಶೆಲ್ ಆದ ಬ್ಯಾಶ್‌ನಲ್ಲಾದರೆ ‘ಎಂಕೆಟೆಂಪ್’ನಿಂದ ತಾತ್ಕಾಲಿಕ ಡೈರೆಕ್ಟರಿ ಮಾಡಿದ ಮರುಸಾಲಿನಲ್ಲೇ, ಅದನ್ನು ಅಳಿಸುವ ಕಮಾಂಡನ್ನು ‘ಟ್ರ್ಯಾಪ್’ ಮೂಲಕ ‘ಎಕ್ಸಿಟ್’ಗೆ (ಸ್ಕ್ರಿಪ್ಟ್ ಮುಗಿಯುವ ಕ್ಷಣಕ್ಕೆ) ಕಟ್ಟಬೇಕು, ನಾಲ್ಕು ಸಾಲು ಕೆಳಗೆ ಕಟ್ಟಿದರೆ ಆ ನಾಲ್ಕು ಸಾಲಿನಲ್ಲೇ ಸ್ಕ್ರಿಪ್ಟ್ ಸಾಯಬಹುದು. ಸಿಗ್‌ಟರ್ಮ್‌ಗೆ ಟ್ರ್ಯಾಪ್ ಹಾಕಿದ್ದರೂ ಮುಂಭಾಗದ ಕಮಾಂಡ್ ಮುಗಿಯುವ ತನಕ ಬ್ಯಾಶ್ ಅದನ್ನು ನಡೆಸುವುದಿಲ್ಲ. ಹೀಗಾಗಿ ದೀರ್ಘವಾದ ಕೆಲಸವನ್ನು ಹಿನ್ನೆಲೆಗೆ ಕಳುಹಿಸಿ, ಅದರ ಪ್ರೊಸೆಸ್ ಸಂಖ್ಯೆಯನ್ನು ಒಂದು ವೇರಿಯಬಲ್‌ನಲ್ಲಿಟ್ಟು, ‘ವೇಟ್’ನಲ್ಲಿ ಕಾಯಬೇಕು, ಆಗ ಸಿಗ್ನಲ್ ಬಂದೊಡನೆ ಟ್ರ್ಯಾಪ್ ಓಡುತ್ತದೆ; ಟ್ರ್ಯಾಪ್‌ನೊಳಗೆ ಮೊದಲು ಆ ಪ್ರೊಸೆಸನ್ನು ನಿಲ್ಲಿಸಿ, ಅದು ಮುಗಿದ ಮೇಲಷ್ಟೇ ಡೈರೆಕ್ಟರಿಯನ್ನು ಅಳಿಸಬೇಕು.